ಹದಿನಾಲ್ಕರ ಜೋಡಿ

ಕಾರವಾರದ ಕಂಟ್ರೋಲ್ ರೂಮಿನಲ್ಲಿ ನನ್ನ ಹೆಸರು ಅನಸೂಯಾ ಹಂಚಿನಮನಿ ಎಂದು ಇದ್ದದ್ದು ಹಾಜರಿ ಪುಸ್ತಕದಲ್ಲಿ ಮಾತ್ರ. ಉಳಿದಂತೆ ಎಲ್ಲರಿಗೂ ನಾನು ಬಾಯಿಬಡಕಿ ಅನಸಕ್ಕ. ಕಡಲಿನ ಅಲೆಯಿಂದ ಕರೆಂಟು ತೆಗೆಯುವ ಕಂಬಗಳನ್ನು ದಂಡೆಯಿಂದ ದೂರದಲ್ಲಿ ನೆಟ್ಟಿದ್ದಾರೆ. ಅವುಗಳ ಬುಡದಲ್ಲಿ ರಿಪೇರಿ ಮಾಡುವ ಡೈವರುಗಳಿಗೆ ಮೇಲಿನಿಂದ ಕಣ್ಣೂ ಕಿವಿಯೂ ಆಗಿರುವುದು ನನ್ನ ಉದ್ಯೋಗ. ಧಾರವಾಡದಲ್ಲಿ ಹುಟ್ಟಿದವಳು, ಬಾಯಿ ತವರಿನಿಂದಲೇ ಬಂದದ್ದು. ಹನ್ನೆರಡು ವರ್ಷದಲ್ಲಿ ಒಬ್ಬ ಡೈವರನನ್ನೂ ಬೈಯದೆ ಮೇಲೆ ತಂದದ್ದಿಲ್ಲ, ಒಬ್ಬನನ್ನೂ ಕಳೆದುಕೊಂಡದ್ದೂ ಇಲ್ಲ.

ಮಿಂಗೇಲ್ ಸಿದ್ದಿ ಎಂಬ ಡೈವರನನ್ನು ಮಾತ್ರ ಮೂರು ವರ್ಷದಲ್ಲಿ ಒಮ್ಮೆಯೂ ಬೈದಿರಲಿಲ್ಲ. ಅದಕ್ಕಾಗಿ ನನಗೆ ಶಾಲು ಹೊದಿಸಿ ಫೋಟೋ ತೆಗೆದರು.

ಭಾರಪಟ್ಟಿಯ ವಿಷಯ ಹೇಳದಿದ್ದರೆ ಇದು ಅರ್ಥವಾಗುವುದಿಲ್ಲ. ಕಿವಿಯ ಹಿಂದೆ ಅಂಟಿಸಿಕೊಳ್ಳುವ, ಹುಣಸೆಬೀಜದಷ್ಟು ದೊಡ್ಡ ಯಂತ್ರ ಅದು. ನಮಗಿಂತ ಬೇರೆ ಬಣ್ಣದ, ಬೇರೆ ಮುಖಚಹರೆಯ ಜನರೊಂದಿಗೆ ಮಾತಾಡುವಾಗ ಮಿದುಳಿನ ಒಂದು ಭಾಗ ತನ್ನನ್ನೇ ತಾನು ಕಾಯುತ್ತ ಕೂರುತ್ತದಂತೆ. ತಪ್ಪು ಮಾತು ಬಂದೀತೇ, ಇವರು ನನ್ನನ್ನು ಏನೆಂದುಕೊಂಡಾರು ಎಂಬ ಕಾವಲು. ಆ ಕಾವಲಿಗೇ ಶಕ್ತಿ ಖರ್ಚಾಗಿ, ಮಾತು ಮುಗಿದ ಅರ್ಧ ಗಂಟೆಯವರೆಗೂ ಮನುಷ್ಯನ ಗಮನ ಜಾರುತ್ತದೆ, ಸುಲಭದ ಕೂಡುವ ಲೆಕ್ಕವೂ ತಪ್ಪುತ್ತದೆ. ಈ ಭಾರವನ್ನು ಸೊನ್ನೆಯಿಂದ ನೂರರವರೆಗಿನ ಅಂಕಿಯಾಗಿ ಅಳೆದು ತೋರಿಸಿದವರು ಮೈಸೂರಿನ ಡಾ. ರೇಣುಕಾಪ್ರಸಾದ್. ಒಳ್ಳೆಯ ಮನುಷ್ಯ. ಜನ ತಮ್ಮ ಅಳುಕನ್ನು ಕಣ್ಣಾರೆ ಕಂಡು ತಿದ್ದಿಕೊಳ್ಳಲಿ ಎಂದು ಮಾಡಿದರು. ಆದರೆ ಸರ್ಕಾರದ ಕೈಗೆ ಒಂದು ಅಂಕಿ ಸಿಕ್ಕಿದ ಮೇಲೆ ಅದು ನಿಯಮವಾಗದೆ ಬಿಡುತ್ತದೆಯೇ?

ಜೋಡಿ ನಿಯಮ ಬಂತು. ಪ್ರಾಣಾಪಾಯದ ಕೆಲಸದಲ್ಲಿ ಜೊತೆಯಾಗುವ ಇಬ್ಬರೂ ಪಟ್ಟಿ ಹಾಕಿಕೊಳ್ಳಬೇಕು, ಇಬ್ಬರ ಭಾರವೂ ಅರವತ್ತರ ಒಳಗಿರಬೇಕು. ಮುಂಡಗೋಡದ ಟಿಬೆಟಿಯನ್ ನರ್ಸ್ ಒಬ್ಬಳನ್ನು ಹುಬ್ಬಳ್ಳಿಯ ಆಪರೇಷನ್ ಥಿಯೇಟರಿನಿಂದ ತೆಗೆದು ಔಷಧಿ ಉಗ್ರಾಣಕ್ಕೆ ಹಾಕಿದರು, ಅವಳೆದುರು ಸರ್ಜನ್‌ರ ಅಂಕಿ ಏರುತ್ತದೆಂದು. ಯಾರೂ ಯಾರನ್ನೂ ಬೇಡವೆನ್ನಲಿಲ್ಲ, ಅಂಕಿ ಬೇಡವೆಂದಿತು. ನಮ್ಮಲ್ಲಿ ಇನ್ನೊಂದು ಷರತ್ತು ಸೇರಿತು. ಡೈವರ್ ನೀರಿನಲ್ಲಿರುವಾಗ ಮೇಲೆ ಕೂತವರ ಭಾರ ಅರವತ್ತು ದಾಟಿದರೆ, ಅಥವಾ ಅವರ ಪಟ್ಟಿ ಯಾರ ಕಿವಿಯ ಹಿಂದೆಯೂ ಇಲ್ಲದಿದ್ದರೆ, ಲೈನ್ ತಾನಾಗಿ ಕಡಿದು ಬೇರೆ ಊರಿನ ಆಪರೇಟರ್‌ಗೆ ಹೋಗುತ್ತದೆ.

ಮಿಂಗೇಲ್ ಹಳಿಯಾಳ ಕಡೆಯ ಸಿದ್ದಿ. ನೂರಾರು ವರ್ಷದ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ತಂದ ಗುಲಾಮರ ಸಂತತಿ, ಮಾತು ಮಾತ್ರ ನಮ್ಮದೇ ಕನ್ನಡ. ಅವನ ಜೊತೆ ನಾಲ್ಕು ಆಪರೇಟರುಗಳನ್ನು ಕೂರಿಸಿ ನೋಡಿದರು. ಅರವತ್ತಾರು, ಎಪ್ಪತ್ತೊಂದು, ಎಂಬತ್ತು, ಮತ್ತೆ ಎಪ್ಪತ್ತೊಂದು. ಐದನೆಯವಳು ನಾನು. ಮೊದಲ ವಾರ ಐವತ್ತೆರಡು ಬಂತು. ನನ್ನ ಅಂಕಿಯೂ ಅರವತ್ತು ದಾಟಿದರೆ ಅವನ ಲೈಸೆನ್ಸು ಕಸದಬುಟ್ಟಿಗೆ.

ಆಗ ನಾನೊಂದು ಗಮನಿಸಿದೆ. ಅವನನ್ನು ಬೈಯಬೇಕೆಂದು ಬಾಯಿ ತೆರೆದಾಗಲೆಲ್ಲ ಅಂಕಿ ಏರುತ್ತಿತ್ತು. ಬೈಗುಳ ನುಂಗಿ “ಭಾಳ ಚಲೋ ಆತ್ರಿ” ಎಂದರೆ ಇಳಿಯುತ್ತಿತ್ತು. ಹೀಗೆ ಆ ಪಟ್ಟಿ ನನಗೆ ಹೊಸದಾಗಿ ಮಾತು ಕಲಿಸಿತು. ಎರಡು ತಿಂಗಳಲ್ಲಿ ನಮ್ಮ ಅಂಕಿ ಹದಿನಾಲ್ಕಕ್ಕೆ ಬಂದು ನಿಂತಿತು. ರಾಜ್ಯದಲ್ಲೇ ಕಡಿಮೆ. ಹದಿನಾಲ್ಕರ ಜೋಡಿ ಎಂದು ಪತ್ರಿಕೆಯಲ್ಲಿ ಬರೆದರು.

ಅವನಲ್ಲಿ ಒಂದೇ ಒಂದು ದೋಷವಿತ್ತು. ಡೈವರನಿಗೆ ಗಾಳಿ ಬರುವುದು ಮೇಲಿನ ದೋಣಿಯಿಂದ ಇಳಿಬಿಟ್ಟ ಪೈಪಿನಲ್ಲಿ. ಒಂದು ತಿರುವು ತಿರುಗಿದರೆ ಹಿಂದಕ್ಕೆ ನೋಡಿ ಪೈಪು ಎಲ್ಲಿ ಹಾದಿದೆ ಎಂದು ಖಾತ್ರಿ ಮಾಡಿಕೊಳ್ಳಬೇಕು. ಮಿಂಗೇಲ್ ನೋಡುತ್ತಿರಲಿಲ್ಲ. ಬೇರೆಯವನಾಗಿದ್ದರೆ “ಕಣ್ಣ ಮನ್ಯಾಗ ಇಟ್ಟ ಬಂದೀಯೇನೋ” ಎಂದು ಒಂದೇ ದಿನಕ್ಕೆ ಆ ಚಾಳಿ ಬಿಡಿಸುತ್ತಿದ್ದೆ.

ಶಾಲು ಹೊದಿಸಿದ ಮುಂದಿನ ಭಾನುವಾರ ಮಿಂಗೇಲ್ ಮತ್ತು ಅವನ ಹೆಂಡತಿ ಕತ್ರೀನಾಳನ್ನು ಊಟಕ್ಕೆ ಕರೆದೆವು. ಭಾನುವಾರದ ಅಡಿಗೆ ನನ್ನ ಗಂಡ ಚನಮಲ್ಲನದು. ಹೈಸ್ಕೂಲಿನಲ್ಲಿ ಗಣಿತ ಹೇಳುವ ಮನುಷ್ಯ, ಒಲೆಯ ಮುಂದೆ ಅಳತೆ ಮರೆಯುತ್ತಾನೆ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಅತಿಥಿಗಳಿಗೆ ಬಡಿಸಿ ನಾವು ಆಮೇಲೆ ಉಣ್ಣುವುದು ನಮ್ಮ ಪದ್ಧತಿ. ಕತ್ರೀನಾ ನಗುತ್ತ ಬ್ಯಾಂಕಿನ ಕಥೆ ಹೇಳಿದಳು.

“ಖಾತೆ ತೆಗಿಯಾಕ ಹೋದ್ರ ಪಾಸ್‌ಪೋರ್ಟ್ ತೋರಸ್ರಿ ಅಂದ್ರು. ಯಾವ ದೇಶದಿಂದ ಬಂದೀರಿ ಅಂತ ಕೇಳಿದ್ರು. ಹಳಿಯಾಳ ದೇಶದಿಂದ ಅಂದೆ.”

ಅವಳು ನಕ್ಕಳು. ನಾವು ನಗಬೇಕೋ ಬೇಡವೋ ತಿಳಿಯದೆ ಇನ್ನೊಂದು ರೊಟ್ಟಿ ಹಾಕಿದೆವು. ಇಬ್ಬರೂ ಎಣ್ಣೆಗಾಯಿಯನ್ನು ಹೊಗಳಿ ಎರಡನೇ ಸಲ ಹಾಕಿಸಿಕೊಂಡರು. ಅವರು ಹೋದ ಮೇಲೆ ನಾನು ತುತ್ತು ಬಾಯಿಗಿಟ್ಟೆ. ಉಪ್ಪೆಂದರೆ ಉಪ್ಪು, ನಾಲಿಗೆಯ ಮೇಲೆ ನಿಲ್ಲಲಿಲ್ಲ.

“ಇದನ್ನ ಅವರಿಗೆ ಹಾಕಿದ್ಯಾ? ಕೈಯಾ ಅದು, ಉಪ್ಪಿನ ಮಡಿಕಿಯಾ?” ಎಂದು ಗಂಡನ ಮೇಲೆ ಏರಿಹೋದೆ.

“ಅವರು ಎರಡು ಸಲ ಹಾಕಿಸ್ಕೊಂಡ್ರಲ್ಲ,” ಎಂದ ಚನಮಲ್ಲ. ಆಮೇಲೆ ಸ್ವಲ್ಪ ಯೋಚಿಸಿ, “ನಮ್ಮ ಮಂದಿ ಆಗಿದ್ರ ತಾಟು ದೂಡತಿದ್ರು. ಇವರು ನಮ್ಮನಿಗೆ ಬಂದು ಉಂಡರೋ, ಪರೀಕ್ಷಾ ಬರದರೋ?” ಎಂದ. ನಾನು ಸುಮ್ಮನಿರು ಎಂದು ಗದರಿಸಿದೆ.

ಮಾರ್ಚ್ ತಿಂಗಳ ಒಂದು ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಮಿಂಗೇಲ್ ಏಳನೇ ಕಂಬದ ಬುಡಕ್ಕೆ ಇಳಿದ. ಮೂವತ್ತೆಂಟು ಮೀಟರ್ ಆಳ. ಮಾದರಿ ಜೋಡಿಯನ್ನು ನೋಡಲು ಡಾ. ರೇಣುಕಾಪ್ರಸಾದ್ ಖುದ್ದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಪರದೆಯ ಮೂಲೆಯಲ್ಲಿ ಹಸಿರು ಹದಿನಾಲ್ಕು.

ಮಿಂಗೇಲ್ ಬೋಲ್ಟುಗಳನ್ನು ಬಿಗಿ ಮಾಡುತ್ತ ಕಂಬಕ್ಕೆ ಸುತ್ತು ಹಾಕಿದ. ಅವನ ಹಿಂದೆ ಪೈಪು ಅಡ್ಡಸರಳಿನ ಕೆಳಗೆ ನುಸುಳಿ ಕುಣಿಕೆಯಾದದ್ದು ಕ್ಯಾಮೆರಾದಲ್ಲಿ ಕಂಡಿತು.

“ಪೈಪ್ ಒಂದ್ಸಲ ನೋಡ್ಕೊಂಡ್ರ ಚಲೋ ಆಗತಿತ್ತೇನೋ ರೀ,” ಎಂದೆ ಮೆತ್ತಗೆ.

ಉತ್ತರ ಬರಲಿಲ್ಲ. ಎರಡನೇ ಸಲ ಹೇಳಲಿಲ್ಲ ನಾನು. ಹೇಳಿದ್ದರೆ ಅಂಕಿ ಏರುತ್ತಿತ್ತು, ಪಕ್ಕದಲ್ಲಿ ಡಾಕ್ಟರು ಕೂತಿದ್ದರು. ಈ ಮಾತನ್ನು ಬರೆಯುವಾಗ ಈಗಲೂ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ.

ಹತ್ತು ನಿಮಿಷಕ್ಕೆ ಉಬ್ಬರ ತಿರುಗಿತು. ನೀರಿನ ಸೆಳೆತಕ್ಕೆ ಕುಣಿಕೆ ಬಿಗಿದುಕೊಂಡಿತು. ಗಾಳಿಯ ಒತ್ತಡ ತೋರಿಸುವ ಮುಳ್ಳು ಒಮ್ಮೆಲೇ ಕೆಳಗಿಳಿದು ಅಲಾರಾಂ ಕಿರುಚಿತು. ಮಿಂಗೇಲ್ ಬೆನ್ನ ಮೇಲಿನ ಸಿಲಿಂಡರಿಗೆ ಬದಲಾದ. ಅದರಲ್ಲಿ ಒಂಬತ್ತು ನಿಮಿಷದ ಉಸಿರು. ದೋಣಿಯಲ್ಲಿದ್ದ ಇನ್ನೊಬ್ಬ ಡೈವರ್ ಆ ಸೆಳೆತದಲ್ಲಿ ತಳ ಮುಟ್ಟಲು ಹನ್ನೆರಡು ನಿಮಿಷ ಬೇಕು. ಪೈಪು ಮಿಂಗೇಲನ ಹೆಲ್ಮೆಟ್ಟಿಗೂ ಸೊಂಟಕ್ಕೂ ಬಿಗಿದಿತ್ತು, ಬಿಡಿಸಿಕೊಳ್ಳದೆ ಅವನು ಮೇಲೆ ಬರುವಂತಿರಲಿಲ್ಲ.

“ಮೇಡಂ, ಪೈಪ್ ಮುಂದ ಎಲ್ಲೋ ಸಿಕ್ಕೈತ್ರಿ. ಜಗ್ಗತೀನಿ.”

ಅವನು ಮುಂದಕ್ಕೆ ಜಗ್ಗಿದಷ್ಟೂ ಹಿಂದಿನ ಕುಣಿಕೆ ಬಿಗಿಯಾಯಿತು.

“ಹಿಂದ ಇರಬಹುದೇನೋ ನೋಡ್ರಿ,” ಎಂದೆ. ಅಂಕಿ ಇಪ್ಪತ್ತೊಂಬತ್ತು.

“ಹಿಂದ ಯಾಕ ಇರತೈತ್ರಿ? ನಾ ನೋಡ್ಕೊಂಡ ಬಂದೀನಿ.” ಅವನ ಉಸಿರು ಜೋರಾಗಿತ್ತು. “ನೀವ ಹೇಳತೀರಲ್ರಿ, ನನ್ನಂಗ ಶಿಸ್ತಿಲೆ ಕೆಲಸ ಯಾರೂ ಮಾಡೂದಿಲ್ಲಂತ. ಮುಂದ ಐತಿ, ಜಗ್ಗತೀನಿ.”

ಮೂರು ವರ್ಷದ ನನ್ನ ಹೊಗಳಿಕೆಯನ್ನು ಅವನು ನಂಬಿದ್ದ. ನಂಬದೆ ಇನ್ನೇನು ಮಾಡಿಯಾನು, ನೀರಿನ ತಳದಲ್ಲಿ ಅವನಿಗಿದ್ದ ಕಣ್ಣು ನಾನೇ. ಈಗ ನಿಜ ಹೇಳದಿದ್ದರೆ ಅವನು ಜಗ್ಗುತ್ತಲೇ ಸಾಯುತ್ತಾನೆ. ಹೇಳಲು ನಾಲಿಗೆ ಹೊರಳಿಸಿದರೆ ಅಂಕಿ ಓಡುತ್ತಿತ್ತು. ನಲವತ್ತೊಂದು, ನಲವತ್ತೊಂಬತ್ತು, ಐವತ್ತಾರು. ಲೈನ್ ಕಡಿದರೆ ಅದು ಮಂಗಳೂರಿನ ಯಾವನೋ ಆಪರೇಟರ್ ಕೈಗೆ ಹೋಗುತ್ತದೆ. ಅವನಿಗೆ ಕಂಬ ಯಾವುದು, ಕುಣಿಕೆ ಎಲ್ಲಿ ಎಂದು ತಿಳಿಯುವಷ್ಟರಲ್ಲಿ ಸಿಲಿಂಡರ್ ಖಾಲಿ.

“ಸರ್, ಇದನ್ನ ಬಂದ್ ಮಾಡ್ರಿ!” ಎಂದು ಡಾಕ್ಟರರ ಮೇಲೆ ಕೂಗಿದೆ.

“ಬಂದ್ ಮಾಡೋಕೆ ಆಗಲ್ಲಮ್ಮ. ಬೆಂಗಳೂರಿಂದ ಅನುಮತಿ ಬೇಕು,” ಎಂದರು. ಪರದೆಯಲ್ಲಿ ಐವತ್ತೆಂಟು. ಅವರು ಒಂದು ಕ್ಷಣ ಆ ಅಂಕಿಯನ್ನು ನೋಡಿದರು. ಆಮೇಲೆ ಕೈಚಾಚಿ ನನ್ನ ಕಿವಿಯ ಹಿಂದಿನ ಪಟ್ಟಿಯನ್ನು ಕಿತ್ತು ತಮ್ಮ ಕಿವಿಯ ಹಿಂದೆ ಒತ್ತಿಕೊಂಡರು. “ಮಾತಾಡಿ. ಬೇಗ ಮಾತಾಡಿ.”

ನಾನು ಬಾಯಿ ಬಿಟ್ಟೆ.

“ಏ ಮಿಂಗೇಲ! ಜಗ್ಗಬ್ಯಾಡೋ, ಕೈ ಬಿಡು! ಹಿಂದ ತಿರುಗಿ ನೀ ಪೈಪ್ ನೋಡಿಲ್ಲ. ಇವತ್ತೂ ನೋಡಿಲ್ಲ, ಮೊದಲ ದಿನದಿಂದ ಒಂದ ದಿನಾನೂ ನೋಡಿಲ್ಲ. ಕಂಬ ಸುತ್ತಿ ಬಂದೀದಿ, ಬೆನ್ನ ಹಿಂದ ಅಡ್ಡಸರಳಿನ ಕೆಳಗ ಕುಣಿಕಿ ಬಿದ್ದೈತಿ. ಬಂದ ದಾರೀಲೆ ತಿರುಗು!”

ಅವನು ಜಗ್ಗುವುದನ್ನು ನಿಲ್ಲಿಸಿದ.

“ಮೊದಲ ದಿನದಿಂದ ಅಂದ್ರ?”

“ಮೊದಲ ದಿನದಿಂದ.”

“ಎಷ್ಟ ಸಲ?”

“ಅದನ್ನ ಮ್ಯಾಲ ಬಂದು ಕೇಳು! ಈಗ ತಿರುಗು!”

ತಿರುಗಿದ. ಸರಳನ್ನು ತಡಕಿ ಹಿಡಿದ. ನಾನು ಬೈಯುತ್ತಲೇ ಇದ್ದೆ, ಕೈ ಕೆಳಗ ತಾ, ಅಲ್ಲೋ ಇನ್ನೂ ಕೆಳಗ, ಕುರುಡ್ಯಾ, ಎಡಗೈ ಬಿಟ್ಟು ಬಲಗೈಲೆ ಹಿಡಿ ಎಂದು. ಡಾಕ್ಟರರ ಹಣೆಯಿಂದ ಬೆವರು ಇಳಿಯುತ್ತಿತ್ತು, ಪರದೆಯಲ್ಲಿ ಅವರ ಅಂಕಿ ಮೂವತ್ತೇಳು, ನಲವತ್ತಾರು. ಕುಣಿಕೆ ಕಳಚಿ ಗಾಳಿಯ ಮುಳ್ಳು ಏರಿದಾಗ ಸಿಲಿಂಡರಿನಲ್ಲಿ ಒಂದು ನಿಮಿಷ ಚಿಲ್ಲರೆ ಉಳಿದಿತ್ತು. ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಆಳದಿಂದ ಬಂದವರನ್ನು ಕೆಲವು ಗಂಟೆ ಒತ್ತಡದ ಕೋಣೆಯಲ್ಲಿ ಇಡುತ್ತಾರೆ. ಅದಕ್ಕೆ ತಟ್ಟೆಯಗಲದ ಒಂದು ಗಾಜು. ನಾನು ಹೋಗಿ ಗಾಜಿಗೆ ಮುಖ ಇಟ್ಟೆ. ಮಿಂಗೇಲ್ ನನ್ನನ್ನು ನೋಡಿ ಆಚೆ ಹೊರಳಿ ಮಲಗಿದ. ನನ್ನ ಹಿಂದೆ ಕತ್ರೀನಾ ನಿಂತಿದ್ದಳು.

“ಮೂರು ವರ್ಷ,” ಎಂದಳು. “ನಿಮ್ಮ ಅಂಕಿ ಕಡಿಮಿ ಇರಲೆಪ್ಪ ಅಂತ ಮೂರು ವರ್ಷ ನಾ ಇಗರ್ಜಿಗೆ ಹೋಗಿ ಮೇಣಬತ್ತಿ ಹಚ್ಚೀನಿ. ನೀವು ನೋಡ್ತಾ ಸುಮ್ನ ಕುಂತಿದ್ರೇನು?”

ನಾನು ಗಾಜಿನ ಮುಂದಿನಿಂದ ಸರಿದು ಅವಳಿಗೆ ಜಾಗ ಬಿಟ್ಟೆ.

ಒಂಬತ್ತನೇ ದಿನ ವಿಚಾರಣೆ. ಮೇಜಿನಾಚೆ ಮೂವರು ಅಧಿಕಾರಿಗಳು. ತಪ್ಪು ಡೈವರನದೇ ಎಂದು ಮೊದಲೇ ಬರೆದುಕೊಂಡು ಬಂದಿದ್ದರು, ಏಕೆಂದರೆ ಹದಿನಾಲ್ಕರ ಜೋಡಿಯಲ್ಲಿ ಬೇರೆ ತಪ್ಪು ಇರಲು ಸಾಧ್ಯವಿರಲಿಲ್ಲ. ನಾನು ಎದ್ದು ನಿಂತು ಹೇಳಿದೆ. ಮೂರು ವರ್ಷದಿಂದ ಅವನ ದೋಷ ನನಗೆ ಗೊತ್ತಿತ್ತು, ಹೇಳಿದರೆ ಅಂಕಿ ಏರಿ ಅವನ ಕೆಲಸ ಹೋದೀತೆಂದು ಹೇಳಲಿಲ್ಲ. ಯಥಾರ್ಥವಾದಿ ಲೋಕವಿರೋಧಿ ಅನ್ನುತ್ತಾರೆ, ನಾನು ಲೋಕಕ್ಕೆ ಬೇಕಾದವಳಾಗಿ ಒಬ್ಬನನ್ನು ಕೊಲ್ಲುವುದರಲ್ಲಿದ್ದೆ. ಹೇಳಿ ಕೂತಾಗ ಎದೆ ಹಗುರಾಗಿತ್ತು. ಸ್ವಲ್ಪ ಹೆಮ್ಮೆಯೂ ಆಗಿತ್ತು, ಮುಚ್ಚಿಡುವುದೇಕೆ. ಡಾಕ್ಟರೂ ಪಟ್ಟಿ ಬದಲಿಸಿದ್ದನ್ನು ಒಪ್ಪಿಕೊಂಡರು.

ಆಮೇಲೆ ಮಿಂಗೇಲ್ ಎದ್ದ.

“ನಂದೂ ಒಂದು ಐತ್ರಿ,” ಎಂದ. “ಮೇಡಂ ಅವತ್ತ ಮೊದಲ ಒಂದ್ಸಲ ಪೈಪ್ ನೋಡ್ರಿ ಅಂದಾರಂತ. ನನಗ ಕೇಳಿಲ್ಲ. ಹೆಲ್ಮೆಟ್ಟಿನ ಬಟನ್ ತಿರುವಿ ಅವರ ದನಿ ಸಣ್ಣ ಮಾಡಿದ್ದೆ. ಅವತ್ತಷ್ಟ ಅಲ್ಲ, ದಿನಾ ಮಾಡ್ತೀನಿ. ಅಲಾರಾಂ ಆದ ಮ್ಯಾಲ ಏರಿಸಿದೆ.”

“ಯಾಕೆ?” ಎಂದರು ಅಧಿಕಾರಿ.

“ಭಾಳ ಹೊಗಳತಾರ್ರಿ. ಒಂದು ಬೋಲ್ಟ್ ತಿರುವಿದ್ರ ಭೇಷ್ ಅಂತಾರ. ಸಣ್ಣ ಹುಡುಗಗ ಅಂದಂಗ. ನಂಬಿದ್ದೆ ಖರೆ, ಆದ್ರ ಕೇಳಿ ಕೇಳಿ ದಣಿವಾಗತಿತ್ತು, ನನ್ನ ಪಟ್ಟೀದು ಅಂಕಿ ಏರತಿತ್ತು. ಸಾಕ್ರಿ ಅಂದ್ರ ಅವರದೂ ಏರತೈತಿ, ನನ್ನ ಕೆಲಸ ಹೋಗತೈತಿ. ಅದಕ್ಕ ಬಟನ್ ತಿರುವಿದೆ.”

ಡಾ. ರೇಣುಕಾಪ್ರಸಾದ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಒಬ್ಬಳು ಹೇಳುತ್ತಿರಲಿಲ್ಲ, ಒಬ್ಬ ಕೇಳುತ್ತಿರಲಿಲ್ಲ. ಅವರ ಹದಿನಾಲ್ಕು ಎಂದರೆ ಇಷ್ಟೇ ಆಗಿತ್ತು.

ಅಧಿಕಾರಿಗಳು ತಮ್ಮೊಳಗೇ ಗುಸುಗುಸು ಮಾತಾಡಿ ಒಂದು ದಾರಿ ಹುಡುಕಿದರು. ಲೈನ್ ಕಡಿಯುವ ಷರತ್ತನ್ನೂ ಅರವತ್ತರ ಮಿತಿಯನ್ನೂ ನಮ್ಮ ಕೇಂದ್ರದಲ್ಲಿ ಆರು ತಿಂಗಳು ತಡೆಹಿಡಿಯುವುದು, ಮಿಂಗೇಲನಿಗೆ ಹೊಸ ಜೋಡಿ ಕೊಡುವುದು. ಯಲ್ಲಾಪುರದ ನತಾಲಿ ಸಿದ್ದಿ ಎಂಬ ಹುಡುಗಿ ಆಗಷ್ಟೇ ತರಬೇತಿ ಮುಗಿಸಿದ್ದಳು. ನಿಮ್ಮವರೇ, ಪರೀಕ್ಷೆಯಲ್ಲಿ ನಿಮ್ಮಿಬ್ಬರ ಭಾರ ಎಂಟು ಬಂದಿದೆ ಎಂದರು.

“ಎಂಟಂದ್ರ ಏನ್ರಿ?” ಎಂದು ಕೇಳಿದ ಮಿಂಗೇಲ್. “ಆಕಿ ನನ್ನ ತಪ್ಪ ಹೇಳತಾಳೋ, ಹೇಳೂದಿಲ್ಲೋ?”

ಅದು ಯಾರಿಗೂ ಗೊತ್ತಿರಲಿಲ್ಲ. ಹತ್ತು ದಿನದೊಳಗೆ ಆಪರೇಟರ್ ಅವಳೋ ಬೇರೆಯವರೋ ಎಂದು ಅವನೇ ಬರೆದುಕೊಡಬೇಕು, ಇಲ್ಲವಾದರೆ ಲೈಸೆನ್ಸು ರದ್ದು ಎಂದು ಫಾರಂ ಕೊಟ್ಟರು. ಮಿಂಗೇಲ್ ಅದನ್ನು ಮಡಿಸಿ ಜೇಬಿಗಿಟ್ಟು, ಆ ದಿನ ಮೊದಲ ಸಲ ನನ್ನ ಮುಖ ನೋಡಿದ.

“ನನ್ನ ಅರವತ್ಮೂರು ಡೈವಿನ ರೆಕಾರ್ಡಿಂಗ್ ಅದಾವು. ಎಲ್ಲಾ ಹಚ್ಚಿ ನೋಡೂಣು. ಎಲ್ಲೆಲ್ಲಿ ತಪ್ಪೀನಿ, ನೀವ ಕುಂತು ಹೇಳಬೇಕು.”

ದಿನಾ ಮಧ್ಯಾಹ್ನ ಊಟವಾದ ಮೇಲೆ ರೆಕಾರ್ಡಿಂಗ್ ಕೋಣೆಯಲ್ಲಿ ಕೂತೆವು. ಡಾಕ್ಟರರ ಕೋರಿಕೆಯಂತೆ ಇಬ್ಬರೂ ಪಟ್ಟಿ ಹಾಕಿಕೊಂಡಿದ್ದೆವು. ಇಬ್ಬರ ಅಂಕಿಯೂ ಎಂಬತ್ತರ ಆಸುಪಾಸಿನಲ್ಲೇ ಇರುತ್ತಿತ್ತು. ಇಲ್ಲಿ ಪೈಪ್ ನೋಡಿಲ್ಲ, ಇಲ್ಲಿ ಅವಸರ ಮಾಡೀದಿ, ಇದು ಚಲೋ ಮಾಡೀದಿ, ಇಲ್ಲಿ ಮತ್ತೆ ನೋಡಿಲ್ಲ. ಅವನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ, ಅಲ್ಲಲ್ಲಿ ವಾದ ಮಾಡುತ್ತಿದ್ದ. ಒಂದೆರಡು ಕಡೆ ಅವನೇ ಸರಿಯಾಗಿದ್ದ. ಮನೆಗೆ ಬಂದರೆ ಅಕ್ಕಿ ಆರಿಸುವಷ್ಟು ಗಮನವೂ ಉಳಿದಿರುತ್ತಿರಲಿಲ್ಲ, ಚನಮಲ್ಲನೇ ದಿನಾ ಅಡಿಗೆ ಮಾಡಿದ.

ನಾಲ್ಕನೇ ದಿನ ಇಪ್ಪತ್ತೇಳನೇ ಡೈವ್. ಕೆಲಸ ಮುಗಿದು ಅವನು ಮೇಲೇರುತ್ತಿದ್ದಾನೆ. ಅವನಿಗೆ ಹೋಗುವ ಲೈನನ್ನು ನಾನು ಬಂದ್ ಮಾಡಿದ ಸದ್ದು. ಕೋಣೆಯ ಮೈಕು ರೆಕಾರ್ಡ್ ಮಾಡುತ್ತಲೇ ಇದ್ದದ್ದು ನನಗೆ ಗೊತ್ತಿರಲಿಲ್ಲ. ಪಕ್ಕದ ಆಪರೇಟರ್ ಕೇಳುತ್ತಾಳೆ, ಅವನು ಪೈಪೇ ನೋಡಲಿಲ್ಲವಲ್ಲ ಅನಸಕ್ಕ, ನೀನೇಕೆ ಬೈಯಲಿಲ್ಲ? ಆಮೇಲೆ ನನ್ನ ದನಿ, ನಗುನಗುತ್ತ.

“ಪಾಪ, ಕಾಡಿನಾಗಿಂದ ಬಂದ ಮಂದಿ. ಇಷ್ಟರ ಮಾಡ್ತಾನಲ್ಲ, ಅದ ಹೆಚ್ಚು. ಅವಗೇನ ಬೈಯೂದು ಬಿಡು.”

ಮಿಂಗೇಲ್ ರೆಕಾರ್ಡಿಂಗ್ ನಿಲ್ಲಿಸಿದ. ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಕೇಳಿದ.

“ಇದು ನಿಮ್ಮ ದನಿ.”

“ಹೌದು.”

“ನನ್ನ ಕೆಲಸ ಹೋಗಬಾರದಂತ ಸುಮ್ನಿದ್ದೆ ಅಂದಿದ್ರಿ, ಕಮಿಟಿ ಮುಂದ.”

ಅಂಕಿ ತೊಂಬತ್ತೊಂದು. ಅದನ್ನು ಇಳಿಸುವ ಮಾತುಗಳು ನನಗೆ ಗೊತ್ತಿದ್ದವು, ಮೂರು ವರ್ಷ ಅದನ್ನೇ ಕಲಿತಿದ್ದೆನಲ್ಲ. ತಮಾಷೆಗೆ ಅಂದದ್ದು ಎನ್ನಬಹುದಿತ್ತು. ನಿನ್ನನ್ನು ಕುರಿತು ಅಲ್ಲ ಎನ್ನಬಹುದಿತ್ತು. ಬಾಯಿಯ ತುದಿಗೇ ಬಂದಿತ್ತು.

“ಅದೂ ಖರೆ,” ಎಂದೆ. “ಆದ್ರ ಅದು ಆಮ್ಯಾಲಿಂದು. ಮೊದಲ ಇದು. ನಿನ್ನಿಂದ ಇಷ್ಟ ಆಗತೈತಿ, ಇದಕ್ಕಿಂತ ಹೆಚ್ಚು ಆಗೂದಿಲ್ಲ ಅಂತ ತಿಳಕೊಂಡಿದ್ದೆ. ತಿದ್ಕೊತಾನ ಅನ್ನೋ ನಂಬಿಕಿ ಯಾರ ಮ್ಯಾಲ ಇರತೈತೋ ಅವರನ್ನ ಬೈತಾರ. ನಿನ್ನ ಮ್ಯಾಲ ನನಗ ಆ ನಂಬಿಕಿ ಇರಲಿಲ್ಲ.”

ನಾಚಿಕೆಯಿಂದ ಅವನ ಕಡೆ ನೋಡಲಾಗಲಿಲ್ಲ. ಅವನು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಹೊರಗೆ ಬಂದರಿನಲ್ಲಿ ಕ್ರೇನುಗಳು ಕೆಲಸ ಮಾಡುತ್ತಿದ್ದವು. ತಿರುಗಿ ಬಂದು ಜೇಬಿನಿಂದ ಫಾರಂ ತೆಗೆದು ಮೇಜಿನ ಮೇಲೆ ಬಿಡಿಸಿದ. ಆಪರೇಟರ್ ಎಂಬಲ್ಲಿ ನನ್ನ ಹೆಸರು ಬರೆದ, ಒತ್ತಿ ಒತ್ತಿ.

“ಪ್ರೀತಿಗೆ ಬರದೀನಿ ಅಂತ ತಿಳೀಬ್ಯಾಡ್ರಿ,” ಎಂದ. “ಆ ಹುಡುಗಿ ಮನಸಿನ್ಯಾಗ ನನ್ನ ಬಗ್ಗೆ ಏನೈತಿ ನನಗ ಗೊತ್ತಿಲ್ಲ. ನಿಮ್ಮದು ಇವತ್ತ ಪೂರಾ ಗೊತ್ತಾತು.”

ನಾನು ತಲೆಯಾಡಿಸಿದೆ. ಅವನು ಕುರ್ಚಿ ಎಳೆದುಕೊಂಡು ಕೂತು ನೋಟ್‌ಬುಕ್ಕಿನ ಹಾಳೆ ಮಗುಚಿದ.

“ಇಪ್ಪತ್ತೆಂಟನೇದು ಹಚ್ರಿ.”